ಪರ್ವತಿಯ ಮೇಲಿಂದ ಪುಣೆ: ಗೆಳೆಯನಿಗೊಂದು ಪತ್ರ

ಗೆಳೆಯಾ,

ದೀಪಾವಳಿ ರಜೆಗೆ ಧಾರವಾಡದಿಂದ ಕ್ಯಾಮೆರಾ ಹೊತ್ತುಕೊಂಡೇ ಬರುತ್ತೀಯಂತೆ. ಪುಣೆಯ ಹಳೇ ಪೇಟೆಗಳೆಲ್ಲ ಒಂದೇ ನೋಟಕ್ಕೆ ಸಿಗಬೇಕಾದರೆ ಪರ್ವತಿ ಗುಡ್ಡ ಹತ್ತು. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ರಿಕ್ಷಾದವನಿಗೆ ‘ಪಾರ್ವತಿ’ ಅನ್ನಬೇಡ, ‘ಪರ್ವತಿ ಪಾಯಥಾ’ ಅನ್ನು. ಮೆಟ್ಟಿಲ ಬುಡಕ್ಕೇ ಬಿಡುತ್ತಾನೆ.

ಮೆಟ್ಟಿಲು 103. ಕೇಳೋಕೆ ಕಡಿಮೆ, ಆದರೆ ಒಂದೊಂದೂ ಅಂಗಳದಷ್ಟು ಅಗಲ. ಒಂದು ಹೆಜ್ಜೆಗೆ ದೊಡ್ಡದು, ಎರಡಕ್ಕೆ ಚಿಕ್ಕದು. ಲಯ ತಪ್ಪಿ ಮಂಡಿ ನೋಯುತ್ತದೆ. ಕರಿಕಲ್ಲು ಸವೆದು ನುಣುಪಾಗಿದೆ, ಮಳೆ ಬಿದ್ದರೆ ಜಾರುತ್ತದೆ. ಮೇಲೆ ನಾನಾಸಾಹೇಬ ಪೇಶ್ವೆ ಕಟ್ಟಿಸಿದ ದೇವದೇವೇಶ್ವರ ಗುಡಿ, 1749ರದು.

ನವೆಂಬರ್ ಮೊದಲ ವಾರ ಸೂರ್ಯ ಮುಳುಗುವುದು ಆರರ ಆಸುಪಾಸು. ಐದಕ್ಕೇ ಮೇಲಿರು. ಬೆಳಗಿನ ಜಾವ ಬೇಡ: ಸುತ್ತ ಗುಡ್ಡವಿರುವ ಬೋಗುಣಿ ಈ ಊರು, ರಾತ್ರಿ ತಣ್ಣಗಾದ ಗಾಳಿ ಹೊಗೆಯ ಸಮೇತ ತಳದಲ್ಲೇ ಕೂತಿರುತ್ತದೆ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೆದ್ದಾಗಲೇ ಅದು ಚದುರುವುದು. ಪಟಾಕಿಯ ದಿನಗಳಲ್ಲಂತೂ ಸಂಜೆಯೂ ನೆಚ್ಚಿಕೊಳ್ಳುವಂತಿಲ್ಲ. ಒಂದು ಗುರುತು ಹೇಳುತ್ತೇನೆ. 1817ರ ನವೆಂಬರ್ 5ರಂದು ಕೊನೆಯ ಪೇಶ್ವೆ ಎರಡನೇ ಬಾಜೀರಾಯ ಬ್ರಿಟಿಷರೊಡನೆ ನಡೆದ ಖಡ್ಕಿಯ ಯುದ್ಧ ನೋಡಿದ್ದು ಇಲ್ಲಿ ನಿಂತೇ. ಖಡ್ಕಿ ಉತ್ತರಕ್ಕೆ, ಸುಮಾರು ಏಳು ಕಿಲೋಮೀಟರ್. ಆ ದಿಕ್ಕು ಬೂದಿ ಬಳಿದಂತಿದ್ದರೆ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸ್ ಚೀಲದಲ್ಲೇ ಇರಲಿ, ಬುಡದ ಪೇಟೆಗಳನ್ನಷ್ಟೇ ತೆಗೆ.

ಹೊಸಬರ ತಪ್ಪೆಂದರೆ 18 ಮಿಮೀ ಅಗಲದ ಲೆನ್ಸ್ ಹಾಕಿ ಇಡೀ ಊರು ಹಿಡಿಯಹೋಗುವುದು. ಊರು ಗೆರೆಯಾಗಿ ಮಲಗುತ್ತದೆ, ಉಳಿದದ್ದೆಲ್ಲ ಬರಿ ಆಕಾಶ. 70ರಿಂದ 200 ಮಿಮೀಯ ಉದ್ದ ಲೆನ್ಸಿನಲ್ಲಿ ನೋಡು, ಮನೆಯ ಮೇಲೆ ಮನೆ ಪೇರಿಸಿದಂತೆ ಬರುತ್ತದೆ. ಉತ್ತರಕ್ಕೆ ತಿರುಗಿ ನಿಂತರೆ ಬೆಳಕು ಎಡದಿಂದ ಬೀಳುತ್ತದೆ, ಗೋಡೆಗಳಿಗೆ ನೆರಳಿನ ಅಂಚು ಸಿಗುತ್ತದೆ. ಆಕಾಶದ ನೀಲಿಯನ್ನು ಗಾಢಮಾಡುವ ಪೋಲರೈಸರ್ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುವುದೂ ಆ ದಿಕ್ಕಿಗೇ. ಅಗಲದ ಲೆನ್ಸಿಗೆ ಮಾತ್ರ ಅದನ್ನು ಹಾಕಬೇಡ, ಆಕಾಶದ ನಡುವೆ ಕಪ್ಪು ಮಚ್ಚೆ ಏಳುತ್ತದೆ.

ಸೂರ್ಯ ಮುಳುಗಿದ್ದೇ ತಡ, ಜನ ಇಳಿಯತೊಡಗುತ್ತಾರೆ. ನೀನು ಕದಲಬೇಡ. ಮುಂದಿನ ಹದಿನೈದು-ಇಪ್ಪತ್ತು ನಿಮಿಷ ಆಕಾಶದ ನೀಲಿಯೂ ಬೀದಿದೀಪವೂ ಸರಿಸಮ ತೂಗುತ್ತವೆ. ಆಮೇಲೆ ಆಕಾಶ ಬರೀ ಕಾಡಿಗೆ. ಐಎಸ್‌ಒ 100, ಎಫ್/8 ಇಟ್ಟು, ಶಟರ್ ನಾಲ್ಕು ಸೆಕೆಂಡಿನಿಂದ ಶುರುಮಾಡಿ ಕತ್ತಲಾದಂತೆ ಎಂಟಕ್ಕೆ ಏರಿಸು. ಕೈನಡುಕ ತಡೆಯುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡು, ಎರಡು ಸೆಕೆಂಡ್ ಟೈಮರ್ ಇಡು. ಕೊರಳಪಟ್ಟಿ ಗಾಳಿಗೆ ಪಟಪಟ ಬಡಿದು ಟ್ರೈಪಾಡ್ ನಡುಗಿಸುತ್ತದೆ, ಬಿಚ್ಚಿಡು. ನಡುವಿನ ಕಂಬ ಎತ್ತಬೇಡ. ಅಲ್ಲಿನವರು ಟ್ರೈಪಾಡ್ ಬೇಡವೆಂದರೆ ವಾದಿಸಬೇಡ, ಕಟ್ಟೆಯ ಮೇಲೆ ಅಕ್ಕಿ ತುಂಬಿದ ಬಟ್ಟೆಚೀಲವಿಟ್ಟು ಕ್ಯಾಮೆರಾ ಕೂರಿಸು. ನನ್ನ ಕೇಳಿದರೆ ಅದೇ ವಾಸಿ. ಮೊಬೈಲಾದರೆ ಮೊದಲು ಲೆನ್ಸ್ ಒರೆಸು, ದೀಪದ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ ಎಕ್ಸ್‌ಪೋಷರ್ ಚೂರು ಇಳಿಸು. ಇಲ್ಲವಾದರೆ ಅದು ರಾತ್ರಿಯನ್ನೂ ಹಗಲು ಮಾಡುತ್ತದೆ.

ಡ್ರೋನ್ ಊರಲ್ಲೇ ಬಿಟ್ಟು ಬಾ. ಲೋಹಗಾಂವ್‌ನಲ್ಲಿ ವಾಯುಪಡೆಯ ನೆಲೆಯಿದೆ, ಪರವಾನಗಿಯಿಲ್ಲದೆ ಹಾರಿಸಿದರೆ ಹಬ್ಬ ಠಾಣೆಯಲ್ಲಿ. ಬಾಗಿಲು ಎಷ್ಟಕ್ಕೆ ಹಾಕುತ್ತಾರೆಂದು ಹತ್ತುವಾಗಲೇ ಕೇಳಿಟ್ಟುಕೋ. ಕ್ಯಾಮೆರಾ ಕೂರಿಸುವ ಟ್ರೈಪಾಡಿನ ಪ್ಲೇಟು ಮರೆಯಬೇಡ, ನನ್ನದು ನಿನ್ನದಕ್ಕೆ ಕೂರುವುದಿಲ್ಲ.

ನಿನ್ನ,
ಪುಣೆಯ ಗೆಳೆಯ