ಪೆಟ್ಟಿಗೆಯ ಮೇಲೆ ಮೆಟ್ನರ್, ಒಳಗೆ ಬೇರೆಯವರ ಸಿಡಿ: ಬದಲಿಸಿಕೊಡುವ ಬಗ್ಗೆ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ತಮ್ಮ ಎರಡನೇ ಮತ್ತು ಮೂರನೇ ಪಿಯಾನೊ ಕಾನ್ಸರ್ಟೊಗಳನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿಗಳು) ತಾವೇ ನುಡಿಸಿರುವ ಸಿಡಿಯನ್ನು ನಿಮ್ಮ ಆನ್‌ಲೈನ್ ಮಳಿಗೆಯಿಂದ ತರಿಸಿಕೊಂಡೆ. ಪೆಟ್ಟಿಗೆಯ ಮೇಲೆ ಮೆಟ್ನರ್ ಅವರ ಚಿತ್ರವಿದೆ, 1947ರ ಧ್ವನಿಮುದ್ರಣ ಎಂದೂ ಅಚ್ಚಾಗಿದೆ. ಒಳಗಿರುವ ಡಿಸ್ಕ್ ಮೇಲೆ ಮಾತ್ರ ಈಗಿನ ಪಿಯಾನೊ ವಾದಕರೊಬ್ಬರ ಹೆಸರು. ಎರಡರ ಫೋಟೊಗಳನ್ನೂ ಬಿಲ್ಲನ್ನೂ ಲಗತ್ತಿಸಿದ್ದೇನೆ.

ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, ‘ಮ್ಯೂಸಿಕ್ ಅದೇ ತಾನೆ ಸರ್? ಸೌಂಡ್ ಇನ್ನೂ ಕ್ಲಿಯರ್ ಆಗಿದೆಯಲ್ಲ’ ಅಂದರು. ಕ್ಲಿಯರ್ ಆಗಿಯೇ ಇದೆ. ಪಿಯಾನೊ ನಡುವೆ, ಪಿಟೀಲುಗಳು ಎಡಕ್ಕೆ, ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಹೀಗೆ ಎಡ-ಬಲ ಬಿಡಿಸಿ ಕೇಳಿಸುವ ಸ್ಟೀರಿಯೊ 1947ರ ಮುದ್ರಣಗಳಲ್ಲಿ ಎಲ್ಲಿತ್ತು? ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಸುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟುಗಳ ಕಾಲ ಅದು. ಆ ಸರಸರ ಸದ್ದಿನ ಹಿಂದೆ ಅರವತ್ತೇಳರ ಮೆಟ್ನರ್ ಕೈ ಹೇಗೆ ಓಡುತ್ತದೆ ಎಂದು ಕೇಳಲೆಂದೇ ದುಡ್ಡು ಕೊಟ್ಟದ್ದು. ಚೌಡಯ್ಯನವರ ಪಿಟೀಲು ಬೇಕೆಂದವರಿಗೆ ಇನ್ನೊಬ್ಬರದನ್ನು ಕೊಟ್ಟು ‘ರಾಗ ಅದೇ’ ಅಂದರೆ ಯಾರು ಒಪ್ಪುತ್ತಾರೆ?

ಮೈಸೂರಿನವನಾದ ನನಗೆ ಈ ಮುದ್ರಣವೇ ಬೇಕೆನ್ನಲು ಇನ್ನೊಂದು ಕಾರಣವಿದೆ. ಲಂಡನ್ನಿನಲ್ಲಿ ನೆಲೆಸಿ ಹೆಚ್ಚಿನವರಿಗೆ ಮರೆತೇ ಹೋಗಿದ್ದ ಮೆಟ್ನರ್ ಅವರ ಸಂಗೀತವನ್ನು ಎಚ್‌ಎಂವಿ ಪ್ಲೇಟುಗಳಲ್ಲಿ ಹಿಡಿದಿಡಲು ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ‘ಶ್ರೀವಿದ್ಯಾ’ ಅಂಕಿತದ ಕೃತಿಗಳನ್ನು ರಚಿಸಿದ ಮಹಾರಾಜರೇ. ಎರಡನೇ ಕಾನ್ಸರ್ಟೊವನ್ನು ಗೆಳೆಯ, ಸಂಯೋಜಕ ರಖ್ಮಾನಿನೊಫ್‌ಗೆ ಅರ್ಪಿಸಿದ್ದ ಮೆಟ್ನರ್, ಮೂರನೆಯದನ್ನು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಈ ಕೃತಿಗಳಲ್ಲಿ ಅವರ ಕೈ ಕೇಳಬೇಕೆಂದರೆ ಈ ಮುದ್ರಣಕ್ಕೇ ಹೋಗಬೇಕು. ನೀವು ಕಳಿಸಿದ ಡಿಸ್ಕಿನ ವಾದಕರು ಚೆನ್ನಾಗಿಯೇ ನುಡಿಸಿದ್ದಾರೆ, ಅವರ ಮೇಲೆ ನನಗೇನೂ ಸಿಟ್ಟಿಲ್ಲ.

‘ಪ್ಯಾಕ್ ಒಡೆದ ಸಿಡಿ ವಾಪಸ್ ಇಲ್ಲ’ ಎಂಬ ನಿಮ್ಮ ಉತ್ತರ ನನಗೆ ಒಪ್ಪಿಗೆಯಿಲ್ಲ. ಒಡೆಯದೆ ಒಳಗಿನ ಡಿಸ್ಕ್ ನೋಡುವುದು ಹೇಗೆ? ಜಾಹೀರಾತಿನಲ್ಲಿ ತೋರಿಸಿದ್ದಕ್ಕಿಂತ ಬೇರೆ ಸಾಮಾನು ಬಂದರೆ ಮಾರಾಟಗಾರ ಅದನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳಲ್ಲೇ ಇದೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕೆಂದೂ ಇದೆ.

ಆದ್ದರಿಂದ ಸರಿಯಾದ ಸಿಡಿ ಕಳಿಸಿ, ತಪ್ಪಾಗಿ ಬಂದದ್ದನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ. ದಾಸ್ತಾನು ಇಲ್ಲದಿದ್ದರೆ ಕೊರಿಯರ್ ಶುಲ್ಕ ಸೇರಿಸಿ ಪೂರ್ತಿ ಹಣ ವಾಪಸ್ ಮಾಡಿ. ಎರಡೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ಸಂಖ್ಯೆ 1915) ಕರೆ ಮಾಡಿ ದೂರು ದಾಖಲಿಸುತ್ತೇನೆ.

ಬದಲಿ ಕಳಿಸುವ ಮುಂಚೆ ಯಾರಾದರೂ ಪೆಟ್ಟಿಗೆ ತೆರೆದು ಡಿಸ್ಕ್ ಮೇಲಿನ ಅಕ್ಷರ ಓದಲಿ. ಪಿಯಾನೊ ಮೆಟ್ನರ್, ವಾದ್ಯವೃಂದ ಫಿಲ್‌ಹಾರ್ಮೋನಿಯಾ, ನಿರ್ವಹಣೆ ಇಸ್ಸಾಯ್ ದೊಬ್ರೊವೆನ್ ಎಂದಿರಬೇಕು. ಪ್ಯಾಕ್ ಒಡೆದಿದೆ ಎಂದು ನಾನು ತಕರಾರು ಮಾಡುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು