ಕ್ರಿಯಾಪದದ ಒಳಗಿನ ಸಾಲು

ಚಿ. ತಮ್ಮನಿಗೆ, ಶಿರಸಿಯಿಂದ ಆಶೀರ್ವಾದಗಳು.

ನೀನು ಕಳಿಸಿದ ಕಥೆಯನ್ನೂ, ಜೊತೆಗಿದ್ದ ಭಾಷೆಯ ಕುರಿತ ಲೇಖನವನ್ನೂ ಓದಿದೆ. ಕಥೆಯಲ್ಲಿ ‘ಅಪ್ಪಯ್ಯ ರಾತ್ರಿಯಿಡೀ ಅಡಿಕೆ ಸುಲಿದನು’ ಎಂದು ಬರೆದು, ಆಮೇಲೆ ‘ಸುಲಿಸಿದನು’ ಎಂದು ತಿದ್ದಿದ್ದೀಯಲ್ಲ, ಅಲ್ಲಿ ಸ್ವಲ್ಪ ನಿಲ್ಲು. ನಡುವೆ ಒಂದು ‘ಸಿ’ ಸೇರಿದ್ದೇ ತಡ, ಮೆಟ್ಟುಗತ್ತಿಯ ಮುಂದೆ ಕುಳಿತವನೇ ಬೇರೆಯಾದ. ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕುವ ಯಜಮಾನನಾದ. ಅದರ ಬದಲು ‘ಸುಲಿದರು’ ಎಂದು ಕೊನೆಯನ್ನಷ್ಟೇ ತಿದ್ದಿದ್ದರೆ ಕುಳಿತವರ ಲೆಕ್ಕ ಬದಲಾಗುತ್ತಿತ್ತೇ ಹೊರತು ಕೆಲಸ ಬದಲಾಗುತ್ತಿರಲಿಲ್ಲ.

ಧಾತುವಿಗೆ ಅಂಟಿಕೊಂಡು ಬೇರೆಯವರಿಂದ ಮಾಡಿಸಿದ್ದನ್ನು ಹೇಳುವ ಪ್ರೇರಣಾರ್ಥಕ ‘ಇಸು’, ಅದರಾಚೆ ಕಾಲಸೂಚಕ, ಕಟ್ಟಕಡೆಗೆ ಕರ್ತೃ ಯಾರೆಂದು ತೋರುವ ಆಖ್ಯಾತ ಪ್ರತ್ಯಯ: ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಸಾಲು ಕನ್ನಡದ್ದೇ ಒಂದು ಹಠವೆಂದು ನಾನು ಬಹುಕಾಲ ತಿಳಿದಿದ್ದೆ. ತುರ್ಕಿಯವರ ‘ಒಕುತ್ತುಲರ್’ ಬಿಡಿಸಿ ನೋಡಿದಾಗ ಬೆರಗಾದೆ. ‘ಒಕು’ ಎಂದರೆ ಓದು, ‘ತ್’ ನಮ್ಮ ಇಸು, ‘ತು’ ಭೂತಕಾಲ, ‘ಲರ್’ ಅವರು. ನಮ್ಮ ‘ಓದಿಸಿದರು’ ಅದೇ ಸಾಲಿನಲ್ಲಿ ನಿಂತಿದೆ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯ ‘ಅಲಿಸೊಮೇಶ’, ಅಂದರೆ ‘ಓದಿಸಿದನು’, ಇನ್ನೂ ಸೊಗಸು. ಅಲ್ಲಿ ಕರ್ತೃವೂ ಕಾಲವೂ ಧಾತುವಿನ ಮುಂದೆಯೇ ಬರುತ್ತವೆ. ಆದರೂ ಕರ್ತೃವಿನ ‘ಅ’ ಹೊರತುದಿಯಲ್ಲಿ, ಕಾಲದ ‘ಲಿ’ ಅದಕ್ಕಿಂತ ಒಳಗೆ, ಓದು ಎನ್ನುವ ‘ಸೊಮ್’ನ ಹಿಂಬದಿಗೆ ಅಂಟಿಕೊಂಡು ಪ್ರೇರಣೆಯ ‘ಎಶ್’.

ಭಾಷಾವಿಜ್ಞಾನಿ ಜೋನ್ ಬೈಬಿ 1985ರಲ್ಲಿ 50 ಭಾಷೆಗಳನ್ನು ಹೋಲಿಸಿ ಇದಕ್ಕೆ ಕಾರಣ ಕೊಟ್ಟರು: ಕ್ರಿಯೆಯ ಅರ್ಥವನ್ನು ಯಾವುದು ಹೆಚ್ಚು ಬದಲಿಸುತ್ತದೆಯೋ ಅದು ಧಾತುವಿಗೆ ಹೆಚ್ಚು ಹತ್ತಿರವಿರುತ್ತದೆ. ‘ಸುಲಿಯುತ್ತಿದ್ದರು’ ಎಂಬಲ್ಲಿ ಕೆಲಸ ಮುಗಿದಿಲ್ಲವೆನ್ನುವ ‘ಉತ್ತ’ ಒಳಗಿದೆ, ಅದು ನಿನ್ನೆಯದೆನ್ನುವ ‘ದ್ದ’ ಹೊರಗಿದೆ.

ಆದರೆ ಲೇಖನದಲ್ಲಿ ‘ಎಲ್ಲ ಭಾಷೆಗಳಲ್ಲೂ ಹೀಗೆಯೇ’ ಎಂದು ಬರೆದಿದ್ದನ್ನು ಹೊಡೆದುಹಾಕು. ಇದು ಒಲವು, ಕಾಯಿದೆಯಲ್ಲ. ಅಮೆರಿಕದ ನವಾಹೊ ಭಾಷೆಯಲ್ಲಿ ಕರ್ತೃವಿನ ಗುರುತು ಧಾತುವಿನ ಸಮೀಪ ಕೂರುತ್ತದೆ, ಕ್ರಿಯೆಯ ಅರ್ಥವನ್ನೇ ಕಟ್ಟುವ ಎಷ್ಟೋ ಪೂರ್ವಪ್ರತ್ಯಯಗಳು ಅದರಾಚೆ ಉಳಿಯುತ್ತವೆ. ಅಂಥದ್ದನ್ನು ಬಚ್ಚಿಟ್ಟರೆ ಲೇಖನ ಹಗುರವಾಗುತ್ತದೆ.

ಇನ್ನು ಕಥೆಯ ಕೊನೆಯ ಪುಟದ ‘ಅಡಿಕೆ ಸುಲಿಸಲ್ಪಟ್ಟಿತು’. ಸುಲಿದವರೂ ಹೋದರು, ಸುಲಿಸಿದವನೂ ಹೋದ, ಬರೀ ಅಡಿಕೆ ಉಳಿಯಿತು. ಆ ರಾತ್ರಿ ಅಂಗಳದಲ್ಲಿ ಕುಳಿತಿದ್ದವರು ಯಾರೆಂದು ನಿನಗೆ ಗೊತ್ತಿದೆಯಲ್ಲ. ಅವರನ್ನು ಬರೆದು ಮತ್ತೆ ಕಳಿಸು.

ಇಂತು ನಿನ್ನ ಅಣ್ಣ