ನೊಂದ ಹೆಣ್ಣಿನ ಜೊತೆಗೆ ಒಬ್ಬರು ಹೋಗಬೇಕು, ಅದಕ್ಕಾಗಿ ನಿಮ್ಮ ದೇಣಿಗೆ ಬೇಕು

ಗಡಿನಾಡಿನ ಬಂಧುಗಳೇ,

ಪುತ್ತೂರು, ಸುಳ್ಯ, ಬಂಟ್ವಾಳದ ಹೆಣ್ಣುಮಕ್ಕಳು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯದ ಕಡೆಗೆ ಸೊಸೆಯಂದಿರಾಗಿ ಬರುವುದು, ನಮ್ಮವರು ಅತ್ತ ಹೋಗುವುದು ತಲೆಮಾರುಗಳಿಂದ ನಡೆದಿದೆ. ಹಾಗೆ ಬಂದವಳಿಗೆ ಕನ್ನಡ, ತುಳು ಬರುತ್ತದೆ, ಮಲಯಾಳ ಬಾರದು. ಗಂಡನ ಮನೆಯಲ್ಲಿ ಏಟು ತಿಂದು ಠಾಣೆಗೆ ಹೋದರೆ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ. ಅವಳ ಮಾತನ್ನು ಅಧಿಕಾರಿಗೆ ತಿಳಿಸಲು ಜೊತೆಗಿರುವವರು ಯಾರು? ಹಲವು ಸಲ ಗಂಡನ ತಮ್ಮನೋ ಮಾವನೋ! ತಾನು ಹೇಳಿದ್ದೇ ಕಾಗದದಲ್ಲಿದೆಯೇ ಎಂದು ತಿಳಿಯದೆ ಅವಳು ಸಹಿ ಹಾಕುತ್ತಾಳೆ.

ಇಲ್ಲಿನ ಕನ್ನಡಿಗರು ಸರ್ಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಆದರೆ ಮಗುವನ್ನು ಎತ್ತಿಕೊಂಡು ರಾತ್ರಿ ಮನೆ ಬಿಟ್ಟು ಬಂದವಳು ಆ ಕಾಯ್ದೆ ಹಿಡಿದು ವಾದಿಸಲಾರಳು.

ಕೌಟುಂಬಿಕ ಹಿಂಸೆಯ ವಿರುದ್ಧ 2005ರಲ್ಲಿ ಬಂದ ಕಾಯ್ದೆ ಸಣ್ಣದೇನಲ್ಲ. ಹೊಡೆತವಷ್ಟೇ ಅಲ್ಲ, ಹೀನಾಯ ಬೈಗುಳ, ಖರ್ಚಿಗೆ ಹಣ ಕೊಡದಿರುವುದು, ಅವಳ ಚಿನ್ನವನ್ನು ಮಾರುವುದು, ಎಲ್ಲವೂ ಅದರ ಪ್ರಕಾರ ಹಿಂಸೆಯೇ. ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಸಾಮಾನ್ಯವಾಗಿ ಅರ್ಜಿ ತಲುಪಿದ 3 ದಿನಗಳೊಳಗೆ ಮೊದಲ ವಿಚಾರಣೆ ನಿಗದಿಯಾಗಬೇಕು. ಅವಳು ತಾತ್ಕಾಲಿಕವಾಗಿ ನೆಲೆಸಿರುವ ಊರಿನ ನ್ಯಾಯಾಲಯದಲ್ಲೂ ಅರ್ಜಿ ಹಾಕಬಹುದು. ಪುತ್ತೂರಿಗೆ ಮದುವೆಯಾಗಿ ಹೋಗಿ ಪೆರ್ಲದ ತವರಿಗೆ ಮರಳಿದವಳು ಗಡಿ ದಾಟಿ ಅಲೆಯಬೇಕಾಗಿಲ್ಲ ಎಂಬುದು ಎಷ್ಟು ತವರುಮನೆಗಳಿಗೆ ಗೊತ್ತು? ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಮಹಿಳೆಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ‘ಸ್ನೇಹಿತ’ ನೆರವು ಕೇಂದ್ರದಲ್ಲಿ ಕೆಲವು ದಿನ ಉಳಿಯುವ ವ್ಯವಸ್ಥೆಯೂ ಇದೆ.

ಇವೆಲ್ಲ ಇದ್ದರೂ ಮಾತು ಮನೆಯ ಹೊಸ್ತಿಲು ದಾಟುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಶೇ. 77 ಮಂದಿ ನೆರವು ಕೇಳಿಲ್ಲ, ಯಾರಲ್ಲೂ ಹೇಳಿಲ್ಲ. ನಮ್ಮಲ್ಲಂತೂ ಅಡಿಕೆ ತೋಟದ ನಡುವೆ ಒಂಟಿ ಮನೆಗಳು. ಕೂಗಿದರೂ ನೆರೆಮನೆಗೆ ಕೇಳಿಸದು. ಕೇಳಿಸಿದರೂ “ಅದು ಅವರ ಮನೆಯ ವಿಷಯ” ಎನ್ನುವವರೇ ಹೆಚ್ಚು.

ಹಾಗಾಗಿ ಇನ್ನೊಂದು ಕಟ್ಟಡ ಕಟ್ಟುವುದು ನಮ್ಮ ಟ್ರಸ್ಟಿನ ಉದ್ದೇಶವಲ್ಲ. ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲ ಮಹಿಳೆಯರನ್ನು ಪಂಚಾಯತಿಗೊಬ್ಬರಂತೆ ತರಬೇತುಗೊಳಿಸಿ, ಠಾಣೆ, ಆಸ್ಪತ್ರೆ, ನ್ಯಾಯಾಲಯಕ್ಕೆ ನೊಂದವಳ ಜೊತೆಗೆ ಕಳುಹಿಸಬೇಕೆಂದಿದ್ದೇವೆ. ಅವರಿಗೆ ಗೌರವಧನ, ಕೊನೆಯ ಬಸ್ ಹೋದ ಮೇಲೆ ಆಟೋ ಬಾಡಿಗೆ, ದಾಖಲೆಗಳ ಅನುವಾದ, ಮಕ್ಕಳಿಗೆ ಎರಡು ಜೊತೆ ಬಟ್ಟೆ: ಖರ್ಚು ಇಂಥದ್ದು. ಇದರ ಜೊತೆಗೆ ಯುವಕ ಮಂಡಲ, ಕ್ಲಬ್‌ಗಳಲ್ಲಿ ಗಂಡಸರೊಡನೆ ಮಾತುಕತೆ ನಡೆಸಬೇಕಾಗಿದೆ. ಹೆಂಗಸರನ್ನಷ್ಟೇ ಕೂರಿಸಿ ಜಾಗೃತಿ ಮೂಡಿಸುವುದರಲ್ಲಿ ನಮಗೆ ನಂಬಿಕೆಯಿಲ್ಲ. ಕೈ ಎತ್ತುವವರು ಅವರಲ್ಲವಲ್ಲ.

ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆಯ ವಾಹನಗಳನ್ನು ಸಾಲಾಗಿ ಕಳುಹಿಸುವ ಊರು ನಮ್ಮದು. ಅದೇ ಕೈಗಳನ್ನೇ ನಾವು ಕೇಳುತ್ತಿದ್ದೇವೆ. ಐನೂರು ರೂಪಾಯಿಯೂ ಸರಿ, ಅಡಿಕೆ, ತೆಂಗಿನಕಾಯಿ, ಅಕ್ಕಿಯೂ ಸರಿ. ಹಣವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೇ ಹಾಕಿ, ಖಜಾಂಚಿಯವರಿಂದ ರಸೀದಿ ಪಡೆಯಿರಿ. ಪೈಸೆ ಪೈಸೆಯ ಲೆಕ್ಕ ಕೊಡುತ್ತೇವೆ. ಆದರೆ ನೆರವು ಪಡೆದವರ ಹೆಸರು, ಫೋಟೋ ಎಷ್ಟು ದೊಡ್ಡ ದಾನಿಗೂ ಸಿಗುವುದಿಲ್ಲ. ಶಾಲು ಹೊದಿಸಿ ಸನ್ಮಾನಿಸುವ ಸಮಾರಂಭವೂ ಇರುವುದಿಲ್ಲ, ಮುನಿಸಿಕೊಳ್ಳಬೇಡಿ.

ದೇಣಿಗೆ ಕೊಡಲು ಅನುಕೂಲವಿಲ್ಲದವರು ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112, ಮಕ್ಕಳಿಗಾಗಿ 1098 ಎಂಬ ಸಂಖ್ಯೆಗಳನ್ನು ತಮ್ಮ ಊರಿನ ಭಜನಾ ಮಂದಿರ, ಹಾಲಿನ ಸೊಸೈಟಿ, ಪಡಿತರ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆಸಿ ಕೊಡಿ.

ಇತಿ,
ಟ್ರಸ್ಟಿನ ಕಾರ್ಯಕಾರಿ ಸಮಿತಿ, ಕಾಸರಗೋಡು